ಬೆಂಗಳೂರು ಕಚೇರಿಯಲ್ಲಿ ಸಿಬ್ಬಂದಿ ಕಡಿತ: ವಿದೇಶಿ ಕಂಪನಿಗಳು ಕಾನೂನಿನಂತೆ ನಡೆದುಕೊಳ್ಳುವ ಬಗೆ

ಹೆಡ್ ಆಫೀಸಿನಲ್ಲಿ ಪುನರ್‌ರಚನೆಯ ನಿರ್ಧಾರವಾದ ಮೇಲೆ ಬೆಂಗಳೂರಿನ ಎಚ್‌ಆರ್ ಮುಖ್ಯಸ್ಥರ ಕೈಗೆ ಸಾಮಾನ್ಯವಾಗಿ ಮೂರು ಕಡತ ಬರುತ್ತವೆ: ಹೆಸರುಗಳ ಸ್ಪ್ರೆಡ್‌ಶೀಟ್, ಪತ್ರದ ನಮೂನೆ, ಮೀಟಿಂಗಿನಲ್ಲಿ ಏನು ಹೇಳಬೇಕೆಂಬ ಸ್ಕ್ರಿಪ್ಟ್. ಮೂರೂ ಹೆಚ್ಚಾಗಿ ಅಮೆರಿಕದ ಕಾನೂನನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಅಲ್ಲಿ ಬಹುತೇಕ ರಾಜ್ಯಗಳಲ್ಲಿ ಕಾರಣ ಹೇಳದೆಯೂ ನೌಕರಿ ಮುಗಿಸಬಹುದು. ಭಾರತದಲ್ಲಿ ಹಾಗೆ ನಡೆಯುವುದಿಲ್ಲ. ಇಲ್ಲಿ ಕಾರಣ ಬರಹದಲ್ಲಿರಬೇಕು, ಹಣ ಸರಿಯಾದ ಹೊತ್ತಿಗೆ ಕೈ ಸೇರಬೇಕು, ಸರ್ಕಾರಕ್ಕೆ ತಿಳಿಸಬೇಕು, ಯಾರನ್ನು ತೆಗೆದಿರಿ ಯಾರನ್ನು ಉಳಿಸಿಕೊಂಡಿರಿ ಎಂಬುದಕ್ಕೆ ಲೆಕ್ಕ ಕೊಡಬೇಕು. ಈ ನಾಲ್ಕರಲ್ಲಿ ಒಂದು ತಪ್ಪಿದರೂ, ಕಂಪನಿ ಎಷ್ಟೇ ಉದಾರವಾಗಿ ಹಣ ಕೊಟ್ಟಿದ್ದರೂ, ಪ್ರಕರಣದಲ್ಲಿ ಸೋಲಬಹುದು.

ಕರ್ನಾಟಕದಲ್ಲಿ ಸಾಫ್ಟ್‌ವೇರ್, ಬ್ಯಾಕ್ ಆಫೀಸ್, ಎಂಜಿನಿಯರಿಂಗ್ ಕೇಂದ್ರಗಳನ್ನು ನಡೆಸುವ ವಿದೇಶಿ ಕಂಪನಿಗಳ ಆಡಳಿತ ಮತ್ತು ಎಚ್‌ಆರ್ ಹೊಣೆ ಹೊತ್ತವರಿಗಾಗಿ ಇದನ್ನು ಬರೆಯಲಾಗಿದೆ. ಪಟ್ಟಿಯಲ್ಲಿ ಹೆಸರು ಬಂದವರಿಗೂ ತಮ್ಮ ಹಕ್ಕು ಏನೆಂದು ತಿಳಿಯಲು ಇದೇ ಮಾಹಿತಿ ಬೇಕು.

ಮೊದಲು: ಈಗ ಯಾವ ಕಾನೂನು?

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿವೆ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಜಾಗಕ್ಕೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಸಂಬಳದ ಲೆಕ್ಕಕ್ಕೆ 2019ರ ವೇತನ ಸಂಹಿತೆ, ಗ್ರಾಚ್ಯುಟಿ ಮತ್ತು ಹೆರಿಗೆ ಸೌಲಭ್ಯಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ. ನಿಮ್ಮ ಕಂಪನಿಯ ಹಳೆಯ ನಮೂನೆಗಳಲ್ಲಿ 25ಎಫ್, 25ಜಿ, 25ಎನ್ ಎಂದೆಲ್ಲ ಇದ್ದರೆ ಅವು 1947ರ ಕಾಯ್ದೆಯ ಕಲಂಗಳು. ಈಗ ಅವುಗಳ ಜಾಗದಲ್ಲಿ ಕ್ರಮವಾಗಿ ಕೈಗಾರಿಕಾ ಸಂಬಂಧಗಳ ಸಂಹಿತೆಯ (ಮುಂದೆ ಬರೀ ಸಂಹಿತೆ) 70, 71, 79ನೇ ಕಲಂಗಳನ್ನು ನೋಡಬೇಕು. ಕಡಿತದ ಮೂಲ ಷರತ್ತುಗಳು ಹೆಚ್ಚು ಬದಲಾಗಿಲ್ಲವಾದ್ದರಿಂದ ಹಳೆಯ ಕಾಯ್ದೆಯ ಮೇಲೆ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪುಗಳು ಈಗಲೂ ದಾರಿ ತೋರಿಸುತ್ತವೆ. ನಮೂನೆಗಳು ಮತ್ತು ನಿಯಮಗಳ ಮಾತು ಬೇರೆ. ಪತ್ರ ಕೊಡುವ ವಾರದಲ್ಲಿ ಯಾವ ನಿಯಮ ಜಾರಿಯಲ್ಲಿದೆ ಎಂದು ವಕೀಲರಿಂದ ಬರಹದಲ್ಲಿ ಖಚಿತಪಡಿಸಿಕೊಳ್ಳಿ. ಕಳೆದ ಬಾರಿಯ ಕಡತದಿಂದ ನಮೂನೆ ಎತ್ತಿಕೊಳ್ಳಬೇಡಿ.

ಇದರ ಜೊತೆಗೆ ರಾಜ್ಯದ ಕಾನೂನೂ ಇದೆ. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಕಲಂ ಪ್ರಕಾರ ಆರು ತಿಂಗಳು ಸತತ ಸೇವೆ ಮಾಡಿದವರನ್ನು ತೆಗೆಯಲು ಸಮಂಜಸ ಕಾರಣ ಬೇಕು, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ಸಂಬಳವೂ ಬೇಕು. ತೆಗೆದದ್ದರ ವಿರುದ್ಧ ಮೇಲ್ಮನವಿ ಹಾಕುವ ಅವಕಾಶವೂ ಅಲ್ಲೇ ಇದೆ. ಆಡಳಿತದ ಹುದ್ದೆಯಲ್ಲಿರುವವರಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ.

ಒಂದು ತಪ್ಪು ತಿಳಿವಳಿಕೆ ಐಟಿ ವಲಯದಲ್ಲಿ ವರ್ಷಗಳಿಂದ ಬೇರೂರಿದೆ: "ಕರ್ನಾಟಕದಲ್ಲಿ ಐಟಿ ಕಂಪನಿಗಳಿಗೆ ಕಾರ್ಮಿಕ ಕಾನೂನಿನಿಂದ ವಿನಾಯಿತಿ ಇದೆ" ಎಂಬುದು. ರಾಜ್ಯ ಸರ್ಕಾರ 2014ರಲ್ಲಿ ಕೊಟ್ಟು, 2019ರಲ್ಲಿ ಮತ್ತು 2024ರಲ್ಲಿ ಐದೈದು ವರ್ಷ ಮುಂದುವರಿಸಿದ ವಿನಾಯಿತಿ ಕೆಲಸದ ಷರತ್ತುಗಳನ್ನು ಬರೆದಿಟ್ಟು ಪ್ರಮಾಣೀಕರಿಸಿಕೊಳ್ಳಬೇಕೆಂಬ 1946ರ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆಗೆ ಮಾತ್ರ ಸಂಬಂಧಿಸಿದ್ದು. ಕೈಗಾರಿಕಾ ವಿವಾದಗಳ ಕಾಯ್ದೆಯಿಂದ ಯಾರಿಗೂ ಬಿಡುಗಡೆ ಸಿಕ್ಕಿರಲಿಲ್ಲ. ಆ ವಿನಾಯಿತಿಗೂ ಷರತ್ತುಗಳಿದ್ದವು. ಕುಂದುಕೊರತೆ ಸಮಿತಿ ಇರಬೇಕು, ಲೈಂಗಿಕ ಕಿರುಕುಳ ದೂರುಗಳ ಆಂತರಿಕ ಸಮಿತಿ ಇರಬೇಕು, ಕೆಲಸದಿಂದ ತೆಗೆದದ್ದು, ಅಮಾನತು, ಹಿಂಬಡ್ತಿಯಂಥ ಕ್ರಮಗಳನ್ನು ಕಾರ್ಮಿಕ ಇಲಾಖೆಗೆ ತಿಳಿಸಬೇಕು. ವಿನಾಯಿತಿಯನ್ನು ಬಳಸಿಕೊಂಡು ಷರತ್ತನ್ನು ಮರೆತ ಕಂಪನಿಗೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಕೇಳುವ ಮೊದಲ ಪ್ರಶ್ನೆಯೇ ಇದಾಗಬಹುದು.

ಪಟ್ಟಿಯಲ್ಲಿರುವವರು "ಕಾರ್ಮಿಕ"ರೇ?

ಕಡಿತದ ರಕ್ಷಣೆ ಸಿಗುವುದು ಸಂಹಿತೆ ಹೇಳುವ ಕಾರ್ಮಿಕರಿಗೆ. ವಿದೇಶಿ ಕಂಪನಿಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ. ತಿಂಗಳಿಗೆ ಎರಡು ಲಕ್ಷ ತೆಗೆದುಕೊಳ್ಳುವ ಎಂಜಿನಿಯರ್ ಕಾರ್ಮಿಕ ಹೇಗಾದಾರು ಎಂದು ಕೇಳುತ್ತಾರೆ. ಆಗುತ್ತಾರೆ. ಕೈಕೆಲಸ, ಕುಶಲ ಕೆಲಸ, ತಾಂತ್ರಿಕ, ಕಾರ್ಯಾಚರಣೆ, ಗುಮಾಸ್ತಿಕೆ ಇವುಗಳಿಗೆ ಸಂಬಳದ ಮಿತಿಯೇ ಇಲ್ಲ. ಮಿತಿ ಇರುವುದು ಮೇಲ್ವಿಚಾರಣೆ ಮಾಡುವವರಿಗೆ ಮಾತ್ರ: ತಿಂಗಳಿಗೆ 18,000 ರೂಪಾಯಿ ಮೀರಿದರೆ ಅವರು ಹೊರಗೆ. ಹಳೆಯ ಕಾಯ್ದೆಯಲ್ಲಿ ಅದು 10,000 ಇತ್ತು. ಮುಖ್ಯವಾಗಿ ಆಡಳಿತ ಅಥವಾ ವ್ಯವಸ್ಥಾಪನೆಯ ಕೆಲಸದಲ್ಲಿರುವವರು ಸಂಬಳ ಎಷ್ಟೇ ಇರಲಿ, ಹೊರಗೆ.

ಹುದ್ದೆಯ ಹೆಸರು ಇದನ್ನು ತೀರ್ಮಾನಿಸುವುದಿಲ್ಲ. "ಅಸೋಸಿಯೇಟ್ ಮ್ಯಾನೇಜರ್", "ಲೀಡ್", "ಅಸಿಸ್ಟೆಂಟ್ ವೈಸ್ ಪ್ರೆಸಿಡೆಂಟ್" ಎಂದು ಕಾರ್ಡಿನಲ್ಲಿದ್ದು, ದಿನವೆಲ್ಲ ಕೋಡ್ ಬರೆಯುವ ಅಥವಾ ಇನ್‌ವಾಯ್ಸ್ ಪರಿಶೀಲಿಸುವ ವ್ಯಕ್ತಿಯ ಮುಖ್ಯ ಕೆಲಸ ತಾಂತ್ರಿಕವೋ ಗುಮಾಸ್ತಿಕೆಯೋ ಆಗಿರುತ್ತದೆ. ನ್ಯಾಯಾಲಯ ನೋಡುವುದು ದಿನದ ಬಹುಪಾಲು ಯಾವ ಕೆಲಸಕ್ಕೆ ಹೋಗುತ್ತದೆ ಎಂಬುದನ್ನು. ಆದ್ದರಿಂದ ಪಟ್ಟಿಯ ಪ್ರತಿ ಹೆಸರಿನ ಮುಂದೆ ಈ ಐದು ಪ್ರಶ್ನೆಗೆ ಉತ್ತರ ಬರೆದಿಡಿ: ಅವರ ಕೆಳಗೆ ಎಷ್ಟು ಜನ ಇದ್ದಾರೆ? ಆ ಜನರ ರಜೆಯನ್ನು ಸಿಸ್ಟಂನಲ್ಲಿ ಮಂಜೂರು ಮಾಡುವವರು ಅವರೇ? ಅಪ್ರೈಸಲ್ ರೇಟಿಂಗ್ ಹಾಕುವ ಅಧಿಕಾರ ಇದೆಯೇ, ಇಲ್ಲ ಶಿಫಾರಸು ಮಾತ್ರವೇ? ನೇಮಕಕ್ಕೆ ಒಪ್ಪಿಗೆ ಕೊಡುತ್ತಾರೆಯೇ? ಖರ್ಚಿಗೆ ಸಹಿ ಹಾಕುವ ಮಿತಿ ಎಷ್ಟು? ಐದಕ್ಕೂ "ಇಲ್ಲ" ಎಂದಿದ್ದರೆ ಹುದ್ದೆ ಏನೇ ಇರಲಿ, ಅವರನ್ನು ಕಾರ್ಮಿಕರೆಂದೇ ಪರಿಗಣಿಸಿ ಮುಂದುವರಿಯಿರಿ. ಉತ್ತರ ಅರ್ಧಂಬರ್ಧ ಇದ್ದರೂ ಹಾಗೆಯೇ ಮಾಡಿ. ಕಾರ್ಮಿಕರಲ್ಲದವರಿಗೆ ಕಾರ್ಮಿಕರ ವಿಧಾನ ಅನುಸರಿಸಿದರೆ ಆಗುವ ನಷ್ಟ ಸ್ವಲ್ಪ ಹಣ. ಕಾರ್ಮಿಕರಾಗಿದ್ದವರಿಗೆ ಆ ವಿಧಾನ ತಪ್ಪಿಸಿದರೆ ಇಡೀ ಕಡಿತವೇ ಅಸಿಂಧುವಾಗಬಹುದು.

ಸೇವೆಯ ಅವಧಿಯನ್ನೂ ಸರಿಯಾಗಿ ಎಣಿಸಿ. ರಕ್ಷಣೆಗೆ ಒಂದು ವರ್ಷದ ಸತತ ಸೇವೆ ಬೇಕು ಎಂದರೆ ಕ್ಯಾಲೆಂಡರಿನ ಹನ್ನೆರಡು ತಿಂಗಳು ತುಂಬಬೇಕೆಂದಲ್ಲ. ಹಿಂದಿನ 12 ತಿಂಗಳಲ್ಲಿ 240 ದಿನ ಕೆಲಸ ಮಾಡಿದ್ದರೆ ಸಾಕು. ಸಂಬಳ ಸಿಗುವ ಭಾನುವಾರ ಮತ್ತು ರಜಾದಿನಗಳೂ ಆ 240ರೊಳಗೆ ಸೇರುತ್ತವೆ ಎಂದು ಸುಪ್ರೀಂ ಕೋರ್ಟ್ 1985ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಬ್ಯಾಂಕಿನ ನೌಕರರ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ಎಂಟು ತಿಂಗಳು ದಾಟಿದವರೂ ರಕ್ಷಣೆಯೊಳಗೆ ಬಂದಿರಬಹುದು. "ವರ್ಷ ಆಗಿಲ್ಲ, ಇವರಿಗೇನೂ ಕೊಡಬೇಕಿಲ್ಲ" ಎಂದು ಹೊಸಬರನ್ನು ಬರಿಗೈಲಿ ಕಳಿಸುವುದು ತಪ್ಪು.

ಯಾರನ್ನು ತೆಗೆಯಬೇಕು

71ನೇ ಕಲಂನ ನಿಯಮ: ಒಂದು ವರ್ಗದಲ್ಲಿ ಕೊನೆಗೆ ಸೇರಿದವರು ಮೊದಲು ಹೋಗಬೇಕು. ಇದನ್ನು ಮೀರಬಹುದು, ಆದರೆ ಕಾರಣವನ್ನು ದಾಖಲಿಸಬೇಕು. ಹೆಡ್ ಆಫೀಸಿನ ಪಟ್ಟಿ ಸಾಮಾನ್ಯವಾಗಿ ರೇಟಿಂಗ್ ಅಥವಾ ಸಂಬಳದ ಮಟ್ಟ ನೋಡಿ ಮಾಡಿದ್ದು. ದುಬಾರಿಯಾದ ಹಳಬರನ್ನು ತೆಗೆದು ಹೊಸಬರನ್ನು ಉಳಿಸಿಕೊಂಡ ಪಟ್ಟಿ ನಮ್ಮ ಕಾನೂನಿನ ಮುಂದೆ ತಲೆಕೆಳಗಾಗಿ ಕಾಣುತ್ತದೆ.

ಹೀಗೆ ಮಾಡಿ. ಮೊದಲು ವರ್ಗಗಳನ್ನು ಗುರುತಿಸಿ: ಒಂದೇ ಬಗೆಯ ಕೆಲಸ, ಒಂದೇ ದರ್ಜೆ, ಒಬ್ಬರ ಜಾಗದಲ್ಲಿ ಇನ್ನೊಬ್ಬರನ್ನು ಕೂರಿಸಲು ಸಾಧ್ಯವಾಗುವಷ್ಟು ಹೋಲಿಕೆ. ಪ್ರತಿ ವರ್ಗಕ್ಕೂ ಸೇರಿದ ದಿನಾಂಕದ ಪ್ರಕಾರ ಜ್ಯೇಷ್ಠತಾ ಪಟ್ಟಿ ತಯಾರಿಸಿ. ಹಳೆಯ ನಿಯಮಗಳಲ್ಲಿ ಈ ಪಟ್ಟಿಯನ್ನು ಕಡಿತಕ್ಕೆ ಕನಿಷ್ಠ 7 ದಿನ ಮೊದಲು ನೋಟಿಸ್ ಬೋರ್ಡಿನಲ್ಲಿ ಹಾಕಬೇಕಿತ್ತು. ಗೋಪ್ಯತೆಯ ಹೆಸರಿನಲ್ಲಿ ಕಂಪನಿಗಳು ತಪ್ಪಿಸುವ ಹೆಜ್ಜೆ ಇದು, ಎದುರು ವಕೀಲರು ಮೊದಲು ಕೇಳುವ ಕಾಗದವೂ ಇದೇ. ಹಿರಿಯರೊಬ್ಬರನ್ನು ತೆಗೆದು ಕಿರಿಯರೊಬ್ಬರನ್ನು ಉಳಿಸಬೇಕಾದರೆ ಆ ಒಬ್ಬರ ಬಗ್ಗೆಯೇ ಟಿಪ್ಪಣಿ ಬರೆಯಿರಿ: ಉಳಿಯುವ ಪ್ರಾಜೆಕ್ಟಿಗೆ ಯಾವ ಪರಿಣತಿ ಬೇಕು, ಕಿರಿಯರಿಗೆ ಅದು ಇದೆ ಎಂಬುದಕ್ಕೆ ದಾಖಲೆ ಏನು, ಹಿರಿಯರಿಗೆ ತರಬೇತಿ ಕೊಟ್ಟು ಕೂರಿಸಲು ಏಕೆ ಆಗದು. ಟಿಪ್ಪಣಿಯ ದಿನಾಂಕ ಪತ್ರದ ದಿನಾಂಕಕ್ಕಿಂತ ಮೊದಲಿರಬೇಕು. ದೂರು ಬಂದ ಮೇಲೆ ಬರೆದ ಕಾರಣಕ್ಕೆ ಬೆಲೆ ಇಲ್ಲ.

ಪಟ್ಟಿ ಮುಗಿದ ಮೇಲೆ ಇನ್ನೊಮ್ಮೆ ಬೇರೆ ಕಣ್ಣಿನಿಂದ ನೋಡಿ. ಹೆರಿಗೆ ರಜೆಯಲ್ಲಿರುವವರು ಇದ್ದಾರೆಯೇ? ಆ ರಜೆಯ ಅವಧಿಯಲ್ಲಿ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ. ಲೈಂಗಿಕ ಕಿರುಕುಳದ ದೂರು ಕೊಟ್ಟವರು, ಯೂನಿಯನ್ ಕೆಲಸದಲ್ಲಿರುವವರು, ಇತ್ತೀಚೆಗೆ ಆಡಳಿತದ ವಿರುದ್ಧ ದೂರು ದಾಖಲಿಸಿದವರು ಪಟ್ಟಿಯಲ್ಲಿದ್ದರೆ, ಜ್ಯೇಷ್ಠತೆಯ ಪ್ರಕಾರ ಅವರ ಹೆಸರು ಅಲ್ಲಿಗೆ ಬರುತ್ತಿತ್ತೇ ಎಂದು ಪರೀಕ್ಷಿಸಿ. ಐಟಿ ನೌಕರರ ಸಂಘ ಕೆಐಟಿಯು 2017ರಿಂದ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದೆ. ಇಂಥ ಪ್ರಕರಣಗಳು ಕಾರ್ಮಿಕ ಇಲಾಖೆಯ ಮುಂದೆ ಹೋಗುವುದೇ ಇಲ್ಲ ಎಂದು ಲೆಕ್ಕ ಹಾಕಬೇಡಿ.

ನೋಟಿಸ್, ಹಣ, ಸರ್ಕಾರಕ್ಕೆ ತಿಳಿವಳಿಕೆ

70ನೇ ಕಲಂ ಮೂರು ಷರತ್ತು ಹಾಕುತ್ತದೆ. ಒಂದು, ಕಾರಣ ಬರೆದ ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ಸಂಬಳ. ನೇಮಕಾತಿ ಪತ್ರದಲ್ಲಿ ಎರಡು ಅಥವಾ ಮೂರು ತಿಂಗಳು ಎಂದಿದ್ದರೆ ಹೆಚ್ಚಿನದನ್ನೇ ಕೊಡಬೇಕು. ಎರಡು, ಪ್ರತಿ ಪೂರ್ಣ ವರ್ಷಕ್ಕೆ 15 ದಿನದ ಸರಾಸರಿ ವೇತನ. ಆರು ತಿಂಗಳು ಮೀರಿದ ಭಾಗವನ್ನು ಒಂದು ವರ್ಷ ಎಂದು ಎಣಿಸಬೇಕು. ಮೂರು, ಸರ್ಕಾರಕ್ಕೆ ನೋಟಿಸ್. ಖಾಸಗಿ ಐಟಿ ಕಂಪನಿಗೆ ಅದು ರಾಜ್ಯ ಸರ್ಕಾರ.

ಎರಡನೆಯ ಷರತ್ತಿನಲ್ಲಿ ಹಣ ಕಡಿತದ ಹೊತ್ತಿಗೇ ಸಂದಾಯವಾಗಿರಬೇಕು. "ನಿಮ್ಮ ಅಂತಿಮ ಲೆಕ್ಕ 45 ದಿನದಲ್ಲಿ" ಎಂದು ಬರೆದ ಪತ್ರ ಷರತ್ತನ್ನು ಮುರಿದ ಪತ್ರ. ಈ ಷರತ್ತನ್ನು ಪಾಲಿಸದ ಕಡಿತ ಅಸಿಂಧು ಎಂದು ಸುಪ್ರೀಂ ಕೋರ್ಟ್ 1960ರಲ್ಲಿಯೇ ಹಾಸ್ಪಿಟಲ್ ಮಜ್ದೂರ್ ಸಭಾ ಪ್ರಕರಣದಲ್ಲಿ ಹೇಳಿಯಾಗಿದೆ. ಕಡಿತ ಅಸಿಂಧುವಾದರೆ ಕೆಲಸಕ್ಕೆ ಮರಳಿ ತೆಗೆದುಕೊಂಡು ಹಿಂಬಾಕಿ ಸಂಬಳ ಕೊಡುವ ಆದೇಶದ ತನಕ ಹೋಗಬಹುದು. ಕೆಲವು ಪ್ರಕರಣಗಳಲ್ಲಿ ನ್ಯಾಯಾಲಯಗಳು ಅದರ ಬದಲು ಒಟ್ಟು ಮೊತ್ತದ ಪರಿಹಾರ ಕೊಡಿಸಿದ್ದೂ ಇದೆ.

ಒಬ್ಬರ ಲೆಕ್ಕ ಹಾಕಿ ನೋಡೋಣ. ತಿಂಗಳ ಒಟ್ಟು ಸಂಬಳ 1,20,000. ಅದರಲ್ಲಿ ಬೇಸಿಕ್ 40,000, ಉಳಿದದ್ದು ಮನೆ ಬಾಡಿಗೆ, ಪ್ರಯಾಣ ಇತ್ಯಾದಿ ಭತ್ಯೆ 80,000. ಹೊಸ ಸಂಹಿತೆಗಳ ಪ್ರಕಾರ ವೇತನದಿಂದ ಹೊರಗಿಡುವ ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರುವಂತಿಲ್ಲ. ಮೀರಿದ 20,000ವನ್ನು ಬೇಸಿಕ್‌ಗೆ ಸೇರಿಸಬೇಕು. ಆಗ ವೇತನ 60,000. ಸೇವೆ 7 ವರ್ಷ 8 ತಿಂಗಳು, ಅಂದರೆ ಲೆಕ್ಕಕ್ಕೆ 8 ವರ್ಷ.

ಕಡಿತದ ಪರಿಹಾರ: 15 ದಿನಕ್ಕೆ 30,000, ಎಂಟು ವರ್ಷಕ್ಕೆ 2,40,000. ಇಲ್ಲಿ ತಿಂಗಳನ್ನು 30 ದಿನ ಎಂದು ಎಣಿಸುತ್ತಾರೆ. ಗ್ರಾಚ್ಯುಟಿಯಲ್ಲಿ 26 ಎಂದು ಎಣಿಸಬೇಕು: 60,000 ಗುಣಿಸು 15, ಭಾಗಿಸು 26, ಗುಣಿಸು 8, ಒಟ್ಟು 2,76,923. ಎರಡಕ್ಕೂ ಒಂದೇ ಸೂತ್ರ ಹಾಕಿದ ಪೇರೋಲ್ ಶೀಟುಗಳು ಬೇಕಾದಷ್ಟಿವೆ. ನಿಮ್ಮದನ್ನು ತೆರೆದು ನೋಡಿ. ಒಂದು ತಿಂಗಳ ನೋಟಿಸ್ ಬದಲಿಗೆ ಕನಿಷ್ಠ 60,000. ಮರುಕೌಶಲ ನಿಧಿಗೆ (ವಿವರ ಮುಂದಿದೆ) 15 ದಿನದ ವೇತನ 30,000. ಎಲ್ಲ ಸೇರಿ 6,06,923. ಉಳಿದ ರಜೆಯ ಹಣ, ಬರಬೇಕಾದ ಬೋನಸ್, ಕೆಲಸ ಮಾಡಿದ ದಿನಗಳ ಸಂಬಳ ಇದರ ಹೊರಗೆ.

ಹಳೆಯ ಕಾಯ್ದೆಯಲ್ಲಿ ವೇತನ ಎಂದರೆ ಭತ್ಯೆಗಳೂ ಸೇರಿದ್ದವು. ಹೊಸ ವ್ಯಾಖ್ಯೆಯಿಂದ ಪರಿಹಾರದ ಮೊತ್ತ ಇಳಿಯುವ ಪ್ರಸಂಗ ಬಂದಲ್ಲಿ ಪೂರ್ತಿ ಸಂಬಳದ ಮೇಲೆಯೇ ಲೆಕ್ಕ ಹಾಕುವುದು ಒಳ್ಳೆಯದು ಎಂಬುದು ನಮ್ಮ ಸಲಹೆ. ಏಳೆಂಟು ವರ್ಷ ದುಡಿದವರನ್ನು ಅವರ ತಪ್ಪಿಲ್ಲದೆ ಕಳಿಸುವಾಗ ಕನಿಷ್ಠ ಮಿತಿಗೆ ಅಂಟಿಕೊಳ್ಳುವುದು ಸರಿಯಲ್ಲ. ಕಂಪನಿಯ ನೀತಿಯಲ್ಲಿ ಅಥವಾ ಹಿಂದಿನ ಒಪ್ಪಂದದಲ್ಲಿ ಪೂರ್ತಿ ಸಂಬಳ ಎಂದಿದ್ದರೆ ಅದು ಸಲಹೆಯಲ್ಲ, ಬಾಧ್ಯತೆ.

ಮರುಕೌಶಲ ನಿಧಿ ಸಂಹಿತೆಯ 83ನೇ ಕಲಂ ತಂದ ಹೊಸ ವ್ಯವಸ್ಥೆ. ಕಡಿತವಾದ ಪ್ರತಿ ಕಾರ್ಮಿಕರಿಗೆ ಕೊನೆಯ ವೇತನದ 15 ದಿನದ ಮೊತ್ತವನ್ನು ಕಂಪನಿ ಆ ನಿಧಿಗೆ ಕಟ್ಟಬೇಕು. ಕಡಿತವಾದ 45 ದಿನದೊಳಗೆ ಅದು ಕಾರ್ಮಿಕರ ಖಾತೆಗೆ ಹೋಗಬೇಕು. ಇದು ಪರಿಹಾರದ ಭಾಗವಲ್ಲ, ಅದರ ಮೇಲೆ ಕೊಡಬೇಕಾದದ್ದು. ವಿದೇಶಿ ಬಜೆಟ್‌ನಲ್ಲಿ ಈ ಸಾಲು ಇರುವುದೇ ಇಲ್ಲ, ಮೊದಲೇ ಹಾಕಿಸಿ.

ಅಂತಿಮ ವೇತನದ ಗಡುವೂ ಬಿಗಿಯಾಗಿದೆ. ವೇತನ ಸಂಹಿತೆಯ ಪ್ರಕಾರ ತೆಗೆದರೂ, ಕಡಿತವಾದರೂ, ತಾವೇ ರಾಜೀನಾಮೆ ಕೊಟ್ಟರೂ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಗ್ರಾಚ್ಯುಟಿಗೆ 30 ದಿನ. ಲ್ಯಾಪ್‌ಟಾಪ್ ವಾಪಸ್ ಬಂದಿಲ್ಲ, ಕ್ಲಿಯರೆನ್ಸ್ ಫಾರ್ಮ್ ಮುಗಿದಿಲ್ಲ ಎಂದು ತಿಂಗಳುಗಟ್ಟಲೆ ತಡೆಹಿಡಿಯುವ ಹಳೆಯ ಅಭ್ಯಾಸ ಇನ್ನು ನಡೆಯದು. ಕಡಿತದ ದಿನಕ್ಕೆ ಎರಡು ವಾರ ಮೊದಲು ಪೇರೋಲ್‌ನವರಿಗೆ ಹೆಸರು ಹೋಗಿರಬೇಕು. ಗೋಪ್ಯತಾ ಪತ್ರಕ್ಕೆ ಸಹಿ ಹಾಕಿಸಿಕೊಂಡೇ ಕೊಡಿ, ಆದರೆ ಕೊಡಿ.

ಪತ್ರದಲ್ಲಿ ಕಾರಣ ಹೇಗೆ ಬರೆಯಬೇಕು? "ವ್ಯವಹಾರದ ಅಗತ್ಯದಿಂದಾಗಿ" ಎಂದಷ್ಟೇ ಬರೆದರೆ ಸಾಲದು. ಹೀಗಿರಲಿ: "ಯುರೋಪಿನ ಗ್ರಾಹಕರ ಬಿಲ್ಲಿಂಗ್ ಕೆಲಸವನ್ನು ಕಂಪನಿ ಇಂಥ ದಿನಾಂಕದಿಂದ ನಿಲ್ಲಿಸುತ್ತಿದೆ. ಬೆಂಗಳೂರು ಕಚೇರಿಯಲ್ಲಿ ಆ ಕೆಲಸಕ್ಕಿದ್ದ 40 ಹುದ್ದೆಗಳಲ್ಲಿ 28 ರದ್ದಾಗುತ್ತಿವೆ. ನಿಮ್ಮ ವರ್ಗದ ಜ್ಯೇಷ್ಠತಾ ಪಟ್ಟಿಯಲ್ಲಿ ನಿಮ್ಮ ಕ್ರಮಸಂಖ್ಯೆ ಇಷ್ಟು." ಕೆಲಸದ ಗುಣಮಟ್ಟದ ಬಗ್ಗೆ ಒಂದು ಪದವನ್ನೂ ಸೇರಿಸಬೇಡಿ. ಸೇರಿಸಿದರೆ ಅದು ಕಳಂಕ ಹೊರಿಸಿ ತೆಗೆದಂತಾಗಿ, ವಿಚಾರಣೆ ಏಕೆ ನಡೆಸಲಿಲ್ಲ ಎಂಬ ಪ್ರಶ್ನೆ ಏಳುತ್ತದೆ. ಪತ್ರದಲ್ಲಿ "ಲೇಆಫ್" ಎಂಬ ಪದವೂ ಬೇಡ. ಇಲ್ಲಿನ ಕಾನೂನಿನಲ್ಲಿ ಅದು ನೌಕರಿ ಮುಂದುವರಿದಿರುವಾಗಲೇ ತಾತ್ಕಾಲಿಕವಾಗಿ ಕೆಲಸ ಕೊಡಲಾಗದ ಸ್ಥಿತಿ.

ರಾಜೀನಾಮೆ ಬರೆಸಿಕೊಳ್ಳುವ ಪದ್ಧತಿ

ಈ ಇಡೀ ವಿಷಯದಲ್ಲಿ ಅತಿ ಹೆಚ್ಚು ಹಾನಿ ಮಾಡುವುದು ಇದು. ಮಧ್ಯಾಹ್ನ ಕರೆದು, ಎರಡು ಕಾಗದ ಮುಂದಿಟ್ಟು, "ಈಗಲೇ ರಾಜೀನಾಮೆ ಕೊಟ್ಟರೆ ಮೂರು ತಿಂಗಳ ಸಂಬಳ ಮತ್ತು ಒಳ್ಳೆಯ ರಿಲೀವಿಂಗ್ ಲೆಟರ್, ಇಲ್ಲದಿದ್ದರೆ ಟರ್ಮಿನೇಷನ್" ಎನ್ನುತ್ತಾರೆ. ಮುಂದಿನ ಕೆಲಸದ ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ನೆನೆಸಿಕೊಂಡು, ಮನೆ ಸಾಲದ ಕಂತು ನೆನೆಸಿಕೊಂಡು, ಜನ ಸಹಿ ಹಾಕುತ್ತಾರೆ. ಕಂಪನಿಗೆ ಅದು ಸ್ವಯಂ ರಾಜೀನಾಮೆ ಎಂದು ಕಾಣುತ್ತದೆ, ನೋಟಿಸ್ ಬೇಡ, ಸರ್ಕಾರಕ್ಕೆ ತಿಳಿಸುವುದೂ ಬೇಡ.

ಆದರೆ ಒತ್ತಾಯದಿಂದ ಪಡೆದ ರಾಜೀನಾಮೆ ಕಾನೂನಿನ ಕಣ್ಣಿಗೆ ರಾಜೀನಾಮೆಯಲ್ಲ, ಕೆಲಸದಿಂದ ತೆಗೆದದ್ದು. ಒತ್ತಾಯವಿತ್ತು ಎಂದು ತೋರಿಸುವುದೂ ಕಷ್ಟವಲ್ಲ. ಒಂದೇ ದಿನ, ಒಂದೇ ಗಂಟೆಯಲ್ಲಿ, ಅಕ್ಷರಶಃ ಒಂದೇ ವಾಕ್ಯದಲ್ಲಿ ಮೂವತ್ತು ಜನ "ವೈಯಕ್ತಿಕ ಕಾರಣಗಳಿಂದ" ರಾಜೀನಾಮೆ ಕೊಟ್ಟಿದ್ದರೆ ಆ ಇಮೇಲ್‌ಗಳೇ ಸಾಕ್ಷಿ. ಕಾಲೆಂಡರ್ ಆಹ್ವಾನ, ಬ್ಯಾಡ್ಜ್ ನಿಷ್ಕ್ರಿಯವಾದ ಸಮಯ, ಮೊಬೈಲಿನಲ್ಲಿ ರೆಕಾರ್ಡ್ ಆದ ಸಂಭಾಷಣೆ ಎಲ್ಲವೂ ವಿವಾದ ಬಗೆಹರಿಸಲು ನೋಡುವ ಸರ್ಕಾರದ ರಾಜಿ ಸಂಧಾನ ಅಧಿಕಾರಿಯ ಮುಂದೆ ಬರುತ್ತವೆ. ಆಗ ಕಂಪನಿಯ ಬಳಿ ನೋಟಿಸೂ ಇಲ್ಲ, ಜ್ಯೇಷ್ಠತಾ ಪಟ್ಟಿಯೂ ಇಲ್ಲ, ಸರ್ಕಾರಕ್ಕೆ ಕಳಿಸಿದ ಪತ್ರವೂ ಇಲ್ಲ. ಇದೇ ಉದ್ದೇಶಕ್ಕೆ ದಿಢೀರನೆ ಶುರು ಮಾಡುವ ಪರ್ಫಾರ್ಮೆನ್ಸ್ ಇಂಪ್ರೂವ್‌ಮೆಂಟ್ ಪ್ಲ್ಯಾನ್ (ಪಿಐಪಿ, ಕೆಲಸ ಸುಧಾರಿಸಿಕೊಳ್ಳಲು ಗಡುವು ಹಾಕುವ ಕ್ರಮ) ಕೂಡ ಹಾಗೆಯೇ. ಹಿಂದಿನ ವರ್ಷ ಒಳ್ಳೆಯ ರೇಟಿಂಗ್ ಪಡೆದವರಿಗೆ ಕಡಿತದ ತಿಂಗಳಲ್ಲೇ ಪಿಐಪಿ ಹಾಕಿದರೆ ಕಾರಣ ಎಲ್ಲರಿಗೂ ಕಾಣುತ್ತದೆ.

ಸ್ವಯಂ ನಿವೃತ್ತಿ ಅಥವಾ ಪರಸ್ಪರ ಒಪ್ಪಿಗೆಯ ಬಿಡುಗಡೆ ತಪ್ಪಲ್ಲ. ನಿಜವಾಗಿಯೂ ಸ್ವಯಂ ಆಗಿರಬೇಕು ಅಷ್ಟೆ. ಇಡೀ ವರ್ಗಕ್ಕೆ ಬರಹದಲ್ಲಿ ಯೋಜನೆ ಪ್ರಕಟಿಸಿ. ಮೊತ್ತದ ಲೆಕ್ಕ ಪ್ರತಿಯೊಬ್ಬರಿಗೂ ಕೊಡಿ. ಯೋಚಿಸಲು ಕನಿಷ್ಠ ಎರಡು ವಾರ ಬಿಡಿ. ವಕೀಲರನ್ನೋ ಮನೆಯವರನ್ನೋ ಕೇಳಲು ಅವಕಾಶವಿದೆ ಎಂದು ಪತ್ರದಲ್ಲೇ ಬರೆಯಿರಿ. ಸಹಿಯಾದ ಮೇಲೂ ಕೆಲವು ದಿನ ಹಿಂತೆಗೆಯುವ ಹಕ್ಕು ಕೊಡಿ. ಕಾನೂನಿನಂತೆ ಬರಲೇಬೇಕಾದ ಗ್ರಾಚ್ಯುಟಿ, ಪಿಎಫ್, ಬಾಕಿ ಸಂಬಳವನ್ನು ಒಪ್ಪಂದದ ಹಣದೊಳಗೆ ಸೇರಿಸಿ ತೋರಿಸಬೇಡಿ. ಅವುಗಳನ್ನು ಬಿಟ್ಟುಕೊಡುತ್ತೇನೆಂಬ ವಾಕ್ಯಕ್ಕೆ ಸಹಿ ಇದ್ದರೂ ಬೆಲೆ ಇಲ್ಲ. ಬಿಡುಗಡೆಯ ನಂತರ ಪ್ರತಿಸ್ಪರ್ಧಿ ಕಂಪನಿ ಸೇರಬಾರದು ಎಂಬ ಷರತ್ತೂ 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಂ ಮುಂದೆ ನಿಲ್ಲುವುದಿಲ್ಲ. ಕೆಲಸ ಕಿತ್ತುಕೊಂಡು ಇನ್ನೊಂದು ಕೆಲಸಕ್ಕೂ ಅಡ್ಡ ಹಾಕುವ ಆ ಸಾಲನ್ನು ನಮೂನೆಯಿಂದ ತೆಗೆದುಬಿಡಿ. ಕಾರ್ಮಿಕರ ಸಂಖ್ಯೆ ದೊಡ್ಡದಿದ್ದರೆ ಒಪ್ಪಂದವನ್ನು ರಾಜಿ ಸಂಧಾನ ಅಧಿಕಾರಿಯ ಮುಂದೆ ದಾಖಲಿಸುವುದು ಎಲ್ಲಕ್ಕಿಂತ ಗಟ್ಟಿ.

ಘಟಕ ಮಾರಿದಾಗ, ಇನ್ನೊಂದು ಕಂಪನಿಗೆ ಸೇರಿಸಿದಾಗ

ಷೇರು ಮಾರಾಟದಲ್ಲಿ ಮಾಲೀಕ ಬದಲಾದರೂ ನೌಕರಿ ಕೊಟ್ಟ ಕಂಪನಿ ಅದೇ ಇರುತ್ತದೆ, ವಿಶೇಷ ಕ್ರಮ ಬೇಡ. ವ್ಯವಹಾರವನ್ನೇ ಬೇರೆ ಕಂಪನಿಗೆ ವರ್ಗಾಯಿಸಿದರೆ 73ನೇ ಕಲಂ ಬರುತ್ತದೆ. ಸೇವೆ ಕಡಿದುಹೋಗಬಾರದು, ಷರತ್ತುಗಳು ಮೊದಲಿಗಿಂತ ಕೆಳಗಿರಬಾರದು, ಮುಂದೆ ಕಡಿತವಾದರೆ ಹಳೆಯ ವರ್ಷಗಳನ್ನೂ ಸೇರಿಸಿ ಪರಿಹಾರ ಕೊಡುವ ಹೊಣೆಯನ್ನು ಹೊಸ ಕಂಪನಿ ಹೊರಬೇಕು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಹಳೆಯ ಕಂಪನಿ ಕಡಿತದ ಪರಿಹಾರ ಕೊಡಬೇಕಾಗುತ್ತದೆ. ಒಪ್ಪಿಗೆಯಿಲ್ಲದೆ ನೌಕರನನ್ನು ಹೊಸ ಮಾಲೀಕನ ಕೈಕೆಳಗೆ ದುಡಿಸಲಾಗದು ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಫಿಲಿಪ್ಸ್ ಇಂಡಿಯಾದ ಘಟಕವೊಂದರ ಮಾರಾಟದ ಪ್ರಕರಣದಲ್ಲಿ ಎತ್ತಿಹಿಡಿದಿದೆ.

ಒಂದೇ ಗುಂಪಿನ ಎರಡು ಭಾರತೀಯ ಕಂಪನಿಗಳ ನಡುವೆ ಜನರನ್ನು ಸರಿಸುವಾಗ ಮೋಸ ಬಹಳ ಸುಲಭ, ಕೆಲವೊಮ್ಮೆ ಉದ್ದೇಶವಿಲ್ಲದೆಯೂ ಆಗುತ್ತದೆ. ಇಲ್ಲಿ ರಾಜೀನಾಮೆ, ಅಲ್ಲಿ ಹೊಸ ನೇಮಕಾತಿ ಪತ್ರ. ನಾಲ್ಕೂವರೆ ವರ್ಷ ದುಡಿದವರ ಗ್ರಾಚ್ಯುಟಿ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ. ಇದಕ್ಕೆ ಪರಿಹಾರ ಮೂರು ಕಡೆಯವರೂ ಸಹಿ ಹಾಕುವ ಒಂದೇ ಪತ್ರ. ಮೂಲ ಸೇರ್ಪಡೆ ದಿನಾಂಕ, ರಜೆಯ ಬಾಕಿ, ಗ್ರಾಚ್ಯುಟಿ ಸೇವೆ ಮೂರನ್ನೂ ಅದರಲ್ಲಿ ಅಂಕಿಯಲ್ಲಿ ಬರೆಯಿರಿ, ಪಿಎಫ್ ಖಾತೆಯನ್ನು ವರ್ಗಾಯಿಸಿ.

ನಿಮ್ಮ ಗುಂಪಿಗೆ ಪೀಣ್ಯದಲ್ಲೋ ಬಿಡದಿಯಲ್ಲೋ ಕಾರ್ಖಾನೆ ಇದ್ದರೆ ಅದಕ್ಕೆ ನಿಯಮ ಬೇರೆ. 300 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆ, ಗಣಿ, ತೋಟಗಳಲ್ಲಿ ಕಡಿತಕ್ಕೆ ಸರ್ಕಾರದ ಮುಂಚಿತ ಅನುಮತಿ ಮತ್ತು ಮೂರು ತಿಂಗಳ ನೋಟಿಸ್ ಬೇಕು. ಅರ್ಜಿ ಹಾಕಿ 60 ದಿನದಲ್ಲಿ ಉತ್ತರ ಬಾರದಿದ್ದರೆ ಅನುಮತಿ ಸಿಕ್ಕಂತೆ. ಹಿಂದೆ ಈ ಮಿತಿ 100 ಇತ್ತು. ಸಾಫ್ಟ್‌ವೇರ್ ಕಚೇರಿಗೆ ಈ ಅನುಮತಿಯ ಅಧ್ಯಾಯ ಅನ್ವಯಿಸುವುದಿಲ್ಲ.

ಬೆಂಗಳೂರಿನಿಂದ ಬೇರೆ ದೇಶದ ಕಡಿತ ನಡೆಸುವವರಿಗೆ

ಹಲವು ಕಂಪನಿಗಳ ಜಾಗತಿಕ ಎಚ್‌ಆರ್ ಕೆಲಸ ಈಗ ಬೆಂಗಳೂರಿನಲ್ಲೇ ಕುಳಿತು ನಡೆಯುತ್ತದೆ. ಎಲ್ಲ ದೇಶಗಳಿಗೂ ಒಂದೇ ದಿನ ಒಂದೇ ಇಮೇಲ್ ಕಳಿಸುವುದು ಅಲ್ಲಿ ಆಗುವ ದೊಡ್ಡ ತಪ್ಪು. ಬ್ರಿಟನ್ನಿನಲ್ಲಿ 90 ದಿನದ ಅವಧಿಯಲ್ಲಿ ಒಂದು ಕಡೆ 20ರಿಂದ 99 ಜನರನ್ನು ತೆಗೆಯುವ ಪ್ರಸ್ತಾವವಿದ್ದರೆ ಮೊದಲ ನೌಕರಿ ಮುಗಿಯುವ ದಿನಕ್ಕೆ ಕನಿಷ್ಠ 30 ದಿನ ಮೊದಲು, 100 ಅಥವಾ ಹೆಚ್ಚಿದ್ದರೆ 45 ದಿನ ಮೊದಲು ಪ್ರತಿನಿಧಿಗಳ ಜೊತೆ ಸಮಾಲೋಚನೆ ಶುರುವಾಗಬೇಕು. "ನಿರ್ಧರಿಸಿದ್ದೇವೆ" ಎಂಬ ಇಮೇಲ್ ಅದಕ್ಕೆ ಮೊದಲೇ ಹೋದರೆ ಸಮಾಲೋಚನೆ ನೆಪಮಾತ್ರವಾಗಿತ್ತು ಎಂಬುದಕ್ಕೆ ನೀವೇ ಸಾಕ್ಷಿ ಕೊಟ್ಟಂತೆ. ಜರ್ಮನಿಯಲ್ಲಿ ನೌಕರರ ಮಂಡಳಿ ಇರುವ ಕಡೆ ಪ್ರತಿ ವಜಾಕ್ಕೂ ಮೊದಲು ಆ ಮಂಡಳಿಯ ಅಭಿಪ್ರಾಯ ಕೇಳಬೇಕು, ಕೇಳದ ವಜಾ ಅಸಿಂಧು. ಅಲ್ಲಿ ಯಾರನ್ನು ತೆಗೆಯಬೇಕೆಂಬ ಆಯ್ಕೆಗೆ ಸೇವಾವಧಿ, ವಯಸ್ಸು, ಅವಲಂಬಿತರು, ಅಂಗವೈಕಲ್ಯ ಇವನ್ನು ನೋಡಬೇಕು.

ಅಮೆರಿಕದಲ್ಲೂ ನಿಯಮವೇ ಇಲ್ಲ ಎಂದೇನಲ್ಲ. 1988ರ ವಾರ್ನ್ ಕಾಯ್ದೆ 100 ಅಥವಾ ಹೆಚ್ಚು ನೌಕರರಿರುವ ಕಂಪನಿಗಳ ದೊಡ್ಡ ಕಡಿತಕ್ಕೆ 60 ದಿನದ ನೋಟಿಸ್ ಕೇಳುತ್ತದೆ. ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿ ರಾಜ್ಯಗಳಲ್ಲಿ 90 ದಿನ. ಗುಂಪಿನಲ್ಲಿ ತೆಗೆಯುವಾಗ 40 ವರ್ಷ ತುಂಬಿದವರಿಂದ ಬಿಡುಗಡೆ ಪತ್ರಕ್ಕೆ ಸಹಿ ಪಡೆಯಲು 45 ದಿನ ಯೋಚಿಸಲು, ಸಹಿಯ ನಂತರ 7 ದಿನ ಹಿಂತೆಗೆಯಲು ಕೊಡಬೇಕು. ಅಲ್ಲಿರುವ ನಮ್ಮವರಲ್ಲಿ ಎಚ್-1ಬಿ ವೀಸಾದವರಿಗೆ ನೌಕರಿ ಮುಗಿದ ದಿನದಿಂದ ಹೆಚ್ಚೆಂದರೆ 60 ದಿನ ಸಿಗುತ್ತದೆ, ಐ-94ರ (ಆ ದೇಶದಲ್ಲಿ ಇರಲು ಕೊಟ್ಟ ಅನುಮತಿಯ ದಾಖಲೆ) ಅವಧಿ ಅದಕ್ಕೂ ಮೊದಲು ಮುಗಿದರೆ ಅಷ್ಟೇ. ಹಾಗಾಗಿ ಅವರನ್ನು ಪೇರೋಲಿನಲ್ಲಿ ಉಳಿಸಿಕೊಂಡು ನೋಟಿಸ್ ಅವಧಿ ಕೊಡುವುದು ಒಟ್ಟು ಮೊತ್ತ ಕೊಟ್ಟು ಅಂದೇ ಕಳಿಸುವುದಕ್ಕಿಂತ ಎಷ್ಟೋ ಉಪಕಾರ. ವೀಸಾ ಅವಧಿಗೆ ಮೊದಲೇ ತೆಗೆದರೆ ಊರಿಗೆ ಮರಳುವ ಪ್ರಯಾಣದ ನ್ಯಾಯಯುತ ವೆಚ್ಚವೂ ಕಂಪನಿಯದು. ಮಂಗಳೂರು, ಉಡುಪಿ ಕಡೆಯವರು ಹೆಚ್ಚಿರುವ ಯುಎಇಯಲ್ಲಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನ, ನಂತರದ ವರ್ಷಗಳಿಗೆ 30 ದಿನದ ಬೇಸಿಕ್ ವೇತನ ಸೇವಾಂತ್ಯದ ಹಣವಾಗಿ ಬರಬೇಕು. ಎಲ್ಲ ಬಾಕಿ 14 ದಿನದೊಳಗೆ ಕೊಡಬೇಕು.

ಪತ್ರ ಕೊಡುವ ದಿನ ಮತ್ತು ಆಮೇಲೆ

ಕ್ರಮ ಹೀಗಿರಲಿ. ಬೆಳಿಗ್ಗೆ ಬ್ಯಾಂಕಿನಿಂದ ಹಣ ಹೋದದ್ದು ಖಚಿತವಾದ ಮೇಲೆ ಮೀಟಿಂಗ್. ಸರ್ಕಾರಕ್ಕೆ ನೋಟಿಸ್ ಸ್ಪೀಡ್ ಪೋಸ್ಟ್ ಮತ್ತು ಇಮೇಲ್ ಎರಡರಲ್ಲೂ, ಸ್ವೀಕೃತಿ ಕಡತದಲ್ಲಿ. ವಾರ್ತೆ ಹೇಳುವವರು ಆ ನೌಕರರಿಗೆ ಪರಿಚಯವಿರುವ ಮ್ಯಾನೇಜರ್ ಆಗಿರಲಿ, ಪರದೆಯ ಮೇಲೆ ಮೊದಲ ಸಲ ಕಾಣುವ ವಿದೇಶಿ ಮುಖವಲ್ಲ. ಲೆಕ್ಕದ ಹಾಳೆ ಪತ್ರದ ಜೊತೆಗೇ ಕೊಡಿ: ಪರಿಹಾರ, ನೋಟಿಸ್ ಹಣ, ಗ್ರಾಚ್ಯುಟಿ, ರಜೆ, ತೆರಿಗೆ ಬೇರೆ ಬೇರೆ ಸಾಲಿನಲ್ಲಿ. ಗ್ರಾಚ್ಯುಟಿಗೆ 20 ಲಕ್ಷದ ತನಕ, ಕಾರ್ಮಿಕರ ಕಡಿತದ ಪರಿಹಾರಕ್ಕೆ 5 ಲಕ್ಷದ ತನಕ ತೆರಿಗೆ ವಿನಾಯಿತಿ ಇದೆ. ಎಲ್ಲವನ್ನೂ "ಎಕ್ಸ್‌ಗ್ರೇಷಿಯಾ" (ಕಂಪನಿ ತಾನಾಗಿ ಕೊಡುವ ಹಣ) ಎಂಬ ಒಂದೇ ಸಾಲಿಗೆ ತಳ್ಳಿದರೆ ನೌಕರರಿಗೆ ಆ ವಿನಾಯಿತಿ ಕೈತಪ್ಪುತ್ತದೆ.

ಸಿಸ್ಟಂ ಪ್ರವೇಶ ಮುಚ್ಚುವ ಮೊದಲು ಸಂಬಳದ ಚೀಟಿಗಳು, ಫಾರ್ಮ್ 16, ನೇಮಕಾತಿ ಪತ್ರ, ಅಪ್ರೈಸಲ್ ಪತ್ರಗಳನ್ನು ಅವರ ಸ್ವಂತ ಇಮೇಲ್‌ಗೆ ಕಳಿಸಿ. ಮೂರು ನಿಮಿಷದಲ್ಲಿ ಲಾಗಿನ್ ಕತ್ತರಿಸಿ, ಆಮೇಲೆ ಒಂದೊಂದು ಕಾಗದಕ್ಕೂ ಅಲೆಸುವುದು ಅನಗತ್ಯ ಕ್ರೌರ್ಯ. ಇಪಿಎಫ್‌ಒ ಪೋರ್ಟಲಿನಲ್ಲಿ ನಿರ್ಗಮನ ದಿನಾಂಕವನ್ನು ಸರಿಯಾಗಿ ಹಾಕಿ, ಅದು ತಪ್ಪಿದರೆ ಅವರ ಪಿಎಫ್ ಹಣ ತೆಗೆಯುವುದೂ ವರ್ಗಾಯಿಸುವುದೂ ಸಿಕ್ಕಿಕೊಳ್ಳುತ್ತದೆ. ಗುಂಪು ಆರೋಗ್ಯ ವಿಮೆ ಯಾವ ದಿನ ಮುಗಿಯುತ್ತದೆ ಎಂದು ಬರಹದಲ್ಲಿ ತಿಳಿಸಿ. ಸಾಧ್ಯವಿದ್ದರೆ ಮೂರು ತಿಂಗಳು ಮುಂದುವರಿಸಿ. ಯಾರದೋ ಮನೆಯಲ್ಲಿ ಹೆರಿಗೆ, ಯಾರದೋ ತಂದೆಗೆ ಡಯಾಲಿಸಿಸ್ ನಡೆಯುತ್ತಿರುತ್ತದೆ.

ನೌಕರರು ದೂರು ಕೊಟ್ಟರೆ ಅದು ಮೊದಲು ರಾಜಿ ಸಂಧಾನಕ್ಕೆ ಹೋಗುತ್ತದೆ. ಒಬ್ಬರೇ ವ್ಯಕ್ತಿಯೂ ಹೋಗಬಹುದು, ಯೂನಿಯನ್ ಬೇಕೆಂದಿಲ್ಲ. ವಿವಾದ ಹುಟ್ಟಿದ ಎರಡು ವರ್ಷದ ನಂತರ ಸಂಧಾನ ನಡೆಸುವಂತಿಲ್ಲ. ಅಲ್ಲಿ ಇತ್ಯರ್ಥವಾಗದಿದ್ದರೆ ವರದಿ ಬಂದ 90 ದಿನದೊಳಗೆ ಕೈಗಾರಿಕಾ ಟ್ರಿಬ್ಯೂನಲ್‌ಗೆ ಅರ್ಜಿ. ಸಂಧಾನದ ತಾರೀಖಿಗೆ ಏನೂ ತೀರ್ಮಾನಿಸಲಾಗದ ಕಿರಿಯ ಅಧಿಕಾರಿಯನ್ನು ಕಳಿಸಿ ಮುಂದೂಡಿಸಿಕೊಳ್ಳಬೇಡಿ. ಮೊತ್ತದ ಬಗ್ಗೆ ಮಾತಾಡುವ ಅಧಿಕಾರವಿರುವವರೇ ಹೋಗಲಿ.

ಕಡಿತವಾದ ದಿನದಿಂದ ಒಂದು ವರ್ಷ ಆ ಪಟ್ಟಿಯನ್ನು ನೇಮಕಾತಿ ತಂಡದ ಮೇಜಿನ ಮೇಲಿಡಿ. ಅದೇ ವರ್ಗದ ಹುದ್ದೆ ಆ ಅವಧಿಯಲ್ಲಿ ಖಾಲಿಯಾದರೆ 72ನೇ ಕಲಂ ಪ್ರಕಾರ ಹೊರಗಿನವರಿಗಿಂತ ಮೊದಲು ಕಡಿತವಾದವರಿಗೆ ಅವಕಾಶ ಕೊಡಬೇಕು. ಮೂರು ತಿಂಗಳಲ್ಲಿ ಅದೇ ಕೆಲಸಕ್ಕೆ ಬೇರೆ ಹುದ್ದೆಯ ಹೆಸರಿನಲ್ಲಿ ಜಾಹೀರಾತು ಹಾಕಿದರೆ ಕಡಿತಕ್ಕೆ ಕೊಟ್ಟ ಕಾರಣವೇ ಸುಳ್ಳಾಗುತ್ತದೆ. ಆ ಜಾಹೀರಾತಿನ ಸ್ಕ್ರೀನ್‌ಶಾಟ್ ಟ್ರಿಬ್ಯೂನಲ್ ಕಡತ ಸೇರಲು ಹೆಚ್ಚು ದಿನ ಬೇಕಾಗುವುದಿಲ್ಲ. ಆದ್ದರಿಂದ ಹೊಸ ಹುದ್ದೆಗೆ ಒಪ್ಪಿಗೆ ಕೊಡುವ ಫಾರ್ಮಿನಲ್ಲಿ ಒಂದು ಕಾಲಂ ಸೇರಿಸಿ: "ಕಡಿತವಾದವರ ಪಟ್ಟಿ ನೋಡಲಾಗಿದೆಯೇ, ಯಾರಿಗೆ ಯಾವ ದಿನ ಪತ್ರ ಕಳಿಸಲಾಗಿದೆ?"